ತಂಗಳನ್ನ ಅಂದಾಗ ನಕ್ಕವರಿಗೆ

ಈಗಷ್ಟೇ ಮಗನ ಶಾಲೆಯ ಪೋಷಕರ ಸಭೆ ಮುಗಿಸಿ ಬಂದೆ. ಹೊಟ್ಟೆ ಉರಿಯುತ್ತಿದೆ. ಕೋಪ ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಅಂಕಪಟ್ಟಿ ಕೊಡುವ ಮೊದಲು ಇವತ್ತು ಆಹಾರ ತಜ್ಞೆಯೊಬ್ಬರ ಭಾಷಣ ಇಟ್ಟಿದ್ದರು. ಬೆಳಗಿನ ಗಡಿಬಿಡಿಯಲ್ಲಿ ಬೇಗ ಆಗಬೇಕು, ಮಕ್ಕಳ ಮೈಗೂ ಹಿಡಿಯಬೇಕು, ಅಂಥ ತಿಂಡಿ ಯಾವುದು ಅಂತ. ನನಗೆ ಬೇಕಾಗಿದ್ದೇ ಅದು. ಪೆನ್ನು ಹಿಡಿದು ಮುಂದಿನ ಸಾಲಿನಲ್ಲೇ ಕೂತೆ. ಅವರು ಓಟ್ಸ್, ಮ್ಯೂಸ್ಲಿ, ಚಿಯಾ ಬೀಜ, ಸ್ಮೂದಿ ಎಲ್ಲ ಹೇಳಿದರು. ಓಟ್ಸನ್ನು ರಾತ್ರಿಯೇ ಮೊಸರಿನಲ್ಲಿ ನೆನೆಸಿ ಫ್ರಿಜ್‌ನಲ್ಲಿಡಿ, ಬೆಳಗ್ಗೆ ಹಣ್ಣು ಹೆಚ್ಚಿಹಾಕಿ ಕೊಡಿ, ಎರಡೇ ನಿಮಿಷದ ಕೆಲಸ ಅಂದರು. ಅಲ್ಲಿಯವರೆಗೂ ಸರಿಯಾಗೇ ಇತ್ತು.

ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. "ಮೇಡಂ, ನಾನು ರಾತ್ರಿ ಅನ್ನಕ್ಕೆ ನೀರು, ಮಜ್ಜಿಗೆ ಹಾಕಿಟ್ಟು ಬೆಳಗ್ಗೆ ಮಕ್ಕಳಿಗೆ ಕೊಡ್ತೀನಿ. ಕೊಡಬಹುದಾ?" ಅಂತ ಕೇಳಿದರು. ತಜ್ಞೆ ಮುಖ ಕಿವುಚಿಕೊಂಡು, "ಅಯ್ಯೋ, ತಂಗಳು ಯಾಕೆ ಕೊಡ್ತೀರಾ? ಬೆಳೆಯೋ ಮಕ್ಕಳು. ಫ್ರೆಶ್ಶಾಗಿ ಏನಾದ್ರೂ ಮಾಡಿಕೊಡಿ" ಅಂದರು. ಇಡೀ ಹಾಲ್ ನಕ್ಕಿತು. ಆಕೆ ಸೆರಗು ಸರಿಮಾಡಿಕೊಂಡು ಸುಮ್ನೆ ಕೂತುಬಿಟ್ಟರು.

ಐದು ನಿಮಿಷದ ಹಿಂದೆ ಅದೇ ಬಾಯಲ್ಲಿ ಓಟ್ಸನ್ನು ರಾತ್ರಿಯಿಡೀ ನೆನೆಸಿಡಿ ಅಂದಿದ್ದರಲ್ಲ? ಅದೂ ಧಾನ್ಯ, ಇದೂ ಧಾನ್ಯ. ಅದಕ್ಕೂ ಮೊಸರು, ಇದಕ್ಕೂ ಮಜ್ಜಿಗೆ. ಎರಡೂ ರಾತ್ರಿ ಕಲಸಿಟ್ಟು ಬೆಳಗ್ಗೆ ತಿನ್ನುವಂಥವೇ. ಒಂದನ್ನು ಬೋರ್ಡ್ ಮೇಲೆ ಬರೆದು ತೋರಿಸಿದರು. ಇನ್ನೊಂದನ್ನು ಹೇಳಿದವರನ್ನು ನಾಲ್ಕು ಜನರ ಮುಂದೆ ನಾಚಿಕೆಪಡಿಸಿದರು. ನನಗೆ ಸಹಿಸಲು ಆಗದಿದ್ದದ್ದು ಇದು.

ನಾನು ಎದ್ದು ಕೇಳಿದೆ. "ಮೇಡಂ, ಅವರ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಿ. ಅನ್ನ ಹೇಗೆ ಇಟ್ಟರೆ ಒಳ್ಳೆಯದು, ಹೇಗೆ ಇಟ್ಟರೆ ಕೆಡುತ್ತೆ, ಅದನ್ನ ಹೇಳಿ" ಅಂದೆ. ಸಮಯ ಆಯ್ತು ಅಂತ ಮೈಕ್ ಆರಿಸಿದರು.

ಹೊರಗೆ ಬಂದು ಆಕೆಯನ್ನು ಹುಡುಕಿ ಮಾತಾಡಿಸಿದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಬೆಳಗ್ಗೆ ಮಕ್ಕಳನ್ನು ರೆಡಿ ಮಾಡಿಟ್ಟು ಬಸ್ಸು ಹಿಡಿಯಬೇಕು. ಲೇಟಾದರೆ ಸಂಬಳ ಕಟ್. "ರಾತ್ರಿ ಅನ್ನ ಆರಿದ ಮೇಲೆ ಸ್ಟೀಲ್ ಡಬ್ಬೀಲಿ ಹಾಕಿ, ಮುಳುಗೋವಷ್ಟು ನೀರು ಬಿಟ್ಟು, ಒಂದು ಸೌಟು ಮಜ್ಜಿಗೆ ಹಾಕ್ತೀನಿ ಅಕ್ಕಾ. ಬೆಳಗ್ಗೆ ಕೈಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ, ಸ್ವಲ್ಪ ಮೊಸರು. ಚಿಕ್ಕವನಿಗೆ ಈರುಳ್ಳಿ ಬೇಡ, ಹುರಿದ ಕಡ್ಲೇಬೀಜ ಕೊಟ್ರೆ ಕಚ್ಕೊಂಡು ತಿಂತಾನೆ" ಅಂದರು. ಕೇಳಿ ನೋಡಿ. ಧಾನ್ಯ ಇದೆ, ಮೊಸರಿದೆ, ಕಡಲೆಬೀಜ ಇದೆ. ಬೆಳಗ್ಗೆ ಒಲೆ ಹಚ್ಚಬೇಕಾಗೇ ಇಲ್ಲ. ಸಭೆಯಲ್ಲಿ ಹೇಳಿಕೊಟ್ಟ ಎಲ್ಲ ತಿಂಡಿಗಿಂತ ಬೇಗ ಆಗುವ ತಿಂಡಿ ಇದೇ. ಇದಕ್ಕೇ ನಕ್ಕಿದ್ದು ನಾವು.

ಯಾಕೆ ಇಷ್ಟು ಕೋಪ ಅಂದರೆ, ಬೆಳಗಿನ ಹೊತ್ತು ಏನು ಅಂತ ನನಗೆ ಗೊತ್ತು. ಬ್ಯಾಂಕಿನ ಕೌಂಟರ್ ನನಗೆ ಕಾಯುವುದಿಲ್ಲ, ಇವರ ಶಿಫ್ಟ್ ಇವರಿಗೆ ಕಾಯುವುದಿಲ್ಲ, ಶಾಲೆಯ ವ್ಯಾನ್ ಯಾರಿಗೂ ಕಾಯುವುದಿಲ್ಲ. ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ, ಯಾರಿಗೂ ಹೇಳಿರಲಿಲ್ಲ. ನನಗೆ ಅಡುಗೆ ಅಂದರೆ ಪ್ರಾಣ, ಆದರೆ ಬೆಳಗಿನ ಅಡುಗೆ ಅಂದರೆ ಭಯ. ಅಲಾರಂ ಹೊಡೆಯುವ ಮೊದಲೇ ಎಚ್ಚರವಾಗಿ, ಇವತ್ತು ಏನು ಮಾಡಲಿ ಅಂತ ಎದೆ ಡವಡವ ಅನ್ನುತ್ತದೆ. ಈ ಭಯ ನನ್ನೊಬ್ಬಳದ್ದಲ್ಲ, ಅಲ್ವಾ? ಇಂಥ ಹೆಂಗಸರಿಗೆ "ಫ್ರೆಶ್ಶಾಗಿ ಏನಾದ್ರೂ ಮಾಡಿಕೊಡಿ" ಅನ್ನುವುದು ಸಲಹೆಯಲ್ಲ. ಇನ್ನೊಂದು ಹೊರೆ ಅಷ್ಟೇ. ಆ ತಜ್ಞೆ ಮಾತುಮಾತಿಗೂ "ಅಮ್ಮಂದಿರೇ, ಅಮ್ಮಂದಿರೇ" ಅನ್ನುತ್ತಿದ್ದರು. ಗೋಡೆ ಪಕ್ಕ ಅಷ್ಟೊಂದು ಅಪ್ಪಂದಿರು ನಿಂತಿದ್ದರು, ಅವರಿಗೆ ಒಂದು ಮಾತಿಲ್ಲ. ಅದು ಬೇರೆಯೇ ಜಗಳ, ಇನ್ನೊಂದು ದಿನ ಮಾಡೋಣ.

ಬೆಳಗಿನ ತಿಂಡಿ ಬೇಗ ಆಗಬೇಕು ಅಂದರೆ ಅದರ ಕೆಲಸ ಹಿಂದಿನ ರಾತ್ರಿಯೇ ಮುಗಿದಿರಬೇಕು. ಬೇರೆ ದಾರಿಯೇ ಇಲ್ಲ. ನಮ್ಮ ತಿಂಡಿಗಳೆಲ್ಲ ಹುಟ್ಟಿದ್ದೇ ಹಾಗೆ. ಇಡ್ಲಿ, ದೋಸೆ ಹಿಟ್ಟು ರುಬ್ಬಿಡುವುದು ಯಾವಾಗ? ರಾತ್ರಿ. ಹಾಲಿಗೆ ಹೆಪ್ಪು ಹಾಕುವುದು? ರಾತ್ರಿ. ನೀರ್ ದೋಸೆಗೆ ಅಕ್ಕಿ ನೆನೆಹಾಕುವುದು, ಉಸಲಿಗೆ ಕಾಳು ನೆನೆಹಾಕುವುದು ಎಲ್ಲ ರಾತ್ರಿಯೇ. ಹುಳಿ ಬಂದ ದೋಸೆ ಹಿಟ್ಟನ್ನು ಯಾರೂ ತಂಗಳು ಅನ್ನುವುದಿಲ್ಲ. ಆದರೆ ಅದೇ ಹುಳಿ ಅನ್ನಕ್ಕೆ ಬಂದರೆ ಮೂಗು ಮುಚ್ಚಿಕೊಳ್ಳುತ್ತೇವೆ. ಚಿತ್ರಾನ್ನಕ್ಕೂ ಅಷ್ಟೇ. ಆರಿ ಉದುರುದುರಾದ ಅನ್ನ ಇದ್ದರೇ ಅದು ಚೆನ್ನಾಗಿ ಬರುವುದು, ಬಿಸಿ ಅನ್ನಕ್ಕೆ ಕಲಸಿದರೆ ಮುದ್ದೆಯಾಗುತ್ತದೆ. ಅಡುಗೆ ಮಾಡುವ ಎಲ್ಲರಿಗೂ ಗೊತ್ತಿರುವ ವಿಷಯ ಇದು.

ನಮ್ಮ ಮಧುಗಿರಿ ಕಡೆ ರಾತ್ರಿ ಉಳಿದ ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಹಸಿ ಈರುಳ್ಳಿ ಕಚ್ಚಿಕೊಂಡು ಕುಡಿದೇ ಹೊಲಕ್ಕೆ ಹೋಗುತ್ತಿದ್ದರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಇರುವುದು 120ರ ಆಸುಪಾಸು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತು. 2024ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ಇಷ್ಟೆಲ್ಲ ಆದಮೇಲೂ ರಾಗಿ ಹುರಿಹಿಟ್ಟಿನ ಹೆಸರು ಆ ಭಾಷಣದಲ್ಲಿ ಒಂದು ಸಲವೂ ಬರಲಿಲ್ಲ. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟು ಅದು. ಆಗಲೇ ಬೆಂದಿರುತ್ತದೆ. ಹಾಲು, ಬೆಲ್ಲ, ಚಿಟಿಕೆ ಏಲಕ್ಕಿ ಹಾಕಿ ಚಮಚದಲ್ಲಿ ತಿರುಗಿಸಿದರೆ ತಿಂಡಿ ರೆಡಿ. ಬೆಲ್ಲ ಬೇಡವೆಂದರೆ ಮಜ್ಜಿಗೆ, ಉಪ್ಪು, ಜೀರಿಗೆ. ಇದಕ್ಕಿಂತ ಬೇಗ ಏನು ಮಾಡಲು ಸಾಧ್ಯ?

ನಮ್ಮ ಮನೆಯವರು ಹಾವೇರಿ ಕಡೆಯವರು ಅಂತ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಅತ್ತೆ ಪ್ರತಿ ಸಲ ಬರುವಾಗ ಖಡಕ್ ಜೋಳದ ರೊಟ್ಟಿಯ ದೊಡ್ಡ ಗಂಟು ಹೊತ್ತುಕೊಂಡೇ ಬರುತ್ತಾರೆ. ಒಣಗಿದ ರೊಟ್ಟಿ, ವಾರಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ. ಬೆಳಗ್ಗೆ ರೊಟ್ಟಿ ಮುರಿದು ಗಟ್ಟಿ ಮೊಸರು, ಶೇಂಗಾ ಚಟ್ನಿಪುಡಿ, ಸೌತೆಕಾಯಿ ಹೋಳು, ಸಿಕ್ಕರೆ ನಾಲ್ಕು ಎಳೆ ಹಸಿ ಮೆಂತ್ಯ ಸೊಪ್ಪು. ನನ್ನ ಮಗಳು ಅಗಸಿ ಚಟ್ನಿಪುಡಿಗೆ ಎಣ್ಣೆ ಹಾಕಿಸಿಕೊಂಡು ರೊಟ್ಟಿಯನ್ನು ಕಟಕಟ ಅಂತ ಕಡಿಯುತ್ತಾಳೆ. ಅವಳಿಗೆ ಅದು ಚಿಪ್ಸಿಗಿಂತ ರುಚಿ. ಅಗಸೆ ಬೀಜ ಒಳ್ಳೆಯದು ಅಂತ ಆ ತಜ್ಞೆಯೂ ಹೇಳಿದರು, ಸ್ಮೂದಿಗೆ ಉದುರಿಸಿ ಅಂತ. ಚಟ್ನಿಪುಡಿಯಲ್ಲಿ ಅದು ಯಾವತ್ತಿನಿಂದಲೂ ಇದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬೆಳಗ್ಗೆ ಏಳು ಗಂಟೆಗೆ ಮಕ್ಕಳ ಮುಂದೆ ಬಿಸಿಬಿಸಿ ತಿಂಡಿ ಇಡುವುದೇ ತೊಂದರೆ. ಅವರು ಊದುತ್ತಾರೆ, ತಟ್ಟೆಯ ತುಂಬ ಹರಡುತ್ತಾರೆ, ಒಂದು ತುತ್ತು ಬಾಯಿಗಿಟ್ಟು "ಸುಡುತ್ತೆ" ಅಂತಾರೆ. ಅಷ್ಟರಲ್ಲಿ ವ್ಯಾನ್ ಹಾರ್ನ್ ಹೊಡೆಯುತ್ತದೆ. ಅರ್ಧ ತಟ್ಟೆ ಉಪ್ಪಿಟ್ಟು ಅಲ್ಲೇ ಉಳಿಯುತ್ತದೆ, ಮಗು ಖಾಲಿ ಹೊಟ್ಟೆಯಲ್ಲಿ ಹೋಗುತ್ತದೆ. ತಣ್ಣಗಿನ ಮೊಸರನ್ನವೋ, ಮೊಸರವಲಕ್ಕಿಯೋ ಆದರೆ ಶೂ ಹಾಕಿಕೊಳ್ಳುತ್ತಲೇ ಗಬಗಬ ತಿಂದು ಮುಗಿಸುತ್ತಾರೆ. ಅವಲಕ್ಕಿ ಅಂತೂ ಭತ್ತ ನೆನೆಸಿ, ಹುರಿದು, ಒತ್ತಿ ಮಾಡಿದ್ದು. ಬೇಯಿಸುವ ಕೆಲಸವೇ ಇಲ್ಲ. ತೆಳು ಅವಲಕ್ಕಿ ಮೊಸರು ಬಿದ್ದ ಕೂಡಲೇ ಮೆತ್ತಗಾಗುತ್ತದೆ. ಕಾಯಿತುರಿ, ದಾಳಿಂಬೆ, ಬೇಕಾದರೆ ಒಂದು ಒಗ್ಗರಣೆ. ಒಂದು ಕೆಜಿ ಓಟ್ಸ್ ತರುವ ದುಡ್ಡಿಗೆ ಎರಡು ಕೆಜಿಗಿಂತ ಜಾಸ್ತಿ ಅವಲಕ್ಕಿ ಬರುತ್ತದೆ.

ಓಟ್ಸ್ ಮೇಲೆ ನನಗೇನೂ ದ್ವೇಷ ಇಲ್ಲ. ಅದರಲ್ಲಿರುವ ಬೀಟಾ ಗ್ಲೂಕನ್ ಅನ್ನುವ ನಾರು ಕೊಲೆಸ್ಟ್ರಾಲ್ ಇಳಿಸಲು ಸಹಾಯ ಮಾಡುತ್ತದೆ, ಅದು ನಿಜ. ತಿನ್ನುವವರು ತಿನ್ನಲಿ. ಆದರೆ ಅದನ್ನು ಎತ್ತಿ ಹಿಡಿಯಲು ಇನ್ನೊಬ್ಬರ ಅನ್ನದ ಡಬ್ಬಿಯನ್ನು ತುಳಿಯಬೇಕಾಗಿಲ್ಲ.

ತಂಗಳನ್ನ ಅಪಾಯ ಅಂತ ಡಾಕ್ಟರುಗಳೇ ಹೇಳುತ್ತಾರಲ್ಲ ಅಂತ ಕೆಲವರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ಬೆಳಗ್ಗೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ರಾತ್ರಿಯಿಡೀ ಕುಕ್ಕರಿನಲ್ಲೇ ಮುಚ್ಚಿಟ್ಟ ಅನ್ನ ಕೆಟ್ಟದ್ದೇ. ಮಾಡಬೇಕಾದ್ದು ಇಷ್ಟು. ಊಟ ಆದ ಕೂಡಲೇ ಅನ್ನವನ್ನು ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ. ಆರಿದ ಕೂಡಲೇ ಡಬ್ಬಿಗೆ ಹಾಕಿ, ಮಜ್ಜಿಗೆ ಸೇರಿಸಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಲೋಳೆಯಾಗಿದ್ದರೆ, ವಾಸನೆ ಬಂದಿದ್ದರೆ ಒಂದು ಕ್ಷಣವೂ ಯೋಚಿಸದೆ ಚೆಲ್ಲಿ. ವಾಸನೆ ಬರದಿದ್ದರೂ, ಹೊರಗೆ ಬೆಚ್ಚಗೆ ಬಿಟ್ಟ ಅನ್ನ ಮಕ್ಕಳಿಗೆ ಬೇಡ. ಇಷ್ಟು ಹೇಳಲು ಒಂದೂವರೆ ನಿಮಿಷ ಸಾಕಿತ್ತು. ತಜ್ಞೆಗೆ ಇದು ಗೊತ್ತಿಲ್ಲದೆ ಇರುತ್ತದಾ? ಗೊತ್ತಿದ್ದೂ ಹೇಳದೆ ಮುಖ ಕಿವುಚಿದ್ದು ಯಾಕೆ? ಅನ್ನ ಒಂದರಲ್ಲೇ ಪ್ರೋಟೀನ್ ಸಾಲದು ಅನ್ನುವುದೂ ಒಪ್ಪುವ ಮಾತು. ಅದಕ್ಕೇ ಮೊಸರು, ಕಡಲೆಬೀಜ, ಮೊಳಕೆ ಕಾಳು, ತಿನ್ನುವವರಿಗೆ ಒಂದು ಬೇಯಿಸಿದ ಮೊಟ್ಟೆ ಸೇರಿಸಿ ಅಂತ ಹೇಳಬೇಕಿತ್ತು. ಬೇಡ ಅಂದು ಕೂರಿಸುವುದಲ್ಲ.

ಹೊರಗೆ ಬಾಗಿಲ ಹತ್ತಿರ ಮೇಜು ಹಾಕಿ ತಿಂಡಿಯ ಸ್ಯಾಂಪಲ್ ಪೊಟ್ಟಣ ಹಂಚುತ್ತಿದ್ದರು. ನನ್ನ ಕೈಗೂ ಒಂದು ಕೊಟ್ಟರು. ತಿರುಗಿಸಿ ನೋಡಿದೆ. ಪೊಟ್ಟಣದ ಹಿಂದೆ ಯಾವ ಪದಾರ್ಥ ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ನಮ್ಮ ದೇಶದಲ್ಲಿ ನಿಯಮ ಇದೆ. ಇದರಲ್ಲಿ ಎರಡನೆಯ ಹೆಸರೇ ಸಕ್ಕರೆ. ಮಕ್ಕಳ ಚಿತ್ರ, ಸೂರ್ಯ, ಹಾಲಿನ ಬಟ್ಟಲು ಎಲ್ಲ ಮುಂದಿನ ಬದಿಯಲ್ಲಿ. ಸಕ್ಕರೆ ಹಿಂದಿನ ಬದಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವೇ ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕೊಟ್ಟಿತ್ತು. ಹಾಲಿಗೆ ಬೆರೆಸುವ ಪುಡಿಗಳನ್ನೆಲ್ಲ ಹೆಲ್ತ್ ಡ್ರಿಂಕ್ ಅಂತ ಮಾರಬೇಡಿ, ನಮ್ಮ ಆಹಾರ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅನ್ನುವುದೇ ಇಲ್ಲ ಅಂತ. ಆಮೇಲೂ ಶಾಲೆಯ ಬಾಗಿಲಿಗೆ ಸಕ್ಕರೆ ಪೊಟ್ಟಣ ಬರುತ್ತದೆ, ಮಜ್ಜಿಗೆ ಅನ್ನ ಬೈಸಿಕೊಳ್ಳುತ್ತದೆ. ಪ್ರಿನ್ಸಿಪಾಲರಿಗೆ ಇವತ್ತೇ ಪತ್ರ ಬರೆಯುತ್ತೇನೆ. ಬಿಡುವುದಿಲ್ಲ.

ಬೇರೆ ಕಡೆಯವರು ತಂಗಳನ್ನಕ್ಕೆ ನಾಚಿಕೊಳ್ಳುತ್ತಿಲ್ಲ. ಒಡಿಶಾದವರು ನೀರಿನಲ್ಲಿ ನೆನೆಸಿದ ಅನ್ನವನ್ನು ಪಖಾಳ ಅನ್ನುತ್ತಾರೆ, ಮಾರ್ಚ್ 20ರಂದು ಅದರದ್ದೇ ದಿನಾಚರಣೆ ಮಾಡುತ್ತಾರೆ. ಬಂಗಾಳದಲ್ಲಿ ಅದು ಪಾಂತಾ ಭಾತ್, ಅಸ್ಸಾಮಿನಲ್ಲಿ ಪೊಯಿತಾ ಭಾತ್, ತಮಿಳರಲ್ಲಿ ಪಳೆಯ ಸೋರು. 2021ರಲ್ಲಿ ಆಸ್ಟ್ರೇಲಿಯಾದ ಟಿವಿ ಅಡುಗೆ ಸ್ಪರ್ಧೆಯ ಫೈನಲ್‌ನಲ್ಲಿ ಬಾಂಗ್ಲಾದೇಶ ಮೂಲದ ಕಿಶ್ವರ್ ಚೌಧುರಿ ತೀರ್ಪುಗಾರರ ಮುಂದೆ ಇಟ್ಟದ್ದು ಇದೇ ಪಾಂತಾ ಭಾತ್. ಜೊತೆಗೆ ಆಲೂಗಡ್ಡೆ, ಮೀನು. ತೀರ್ಪುಗಾರರು ಚಪ್ಪರಿಸಿ ತಿಂದರು. ಅದನ್ನು ಫೋನಿನಲ್ಲಿ ನೋಡಿ ಹೆಮ್ಮೆಪಟ್ಟ ನಾವು, ನಮ್ಮದೇ ಬಡಾವಣೆಯ ತಾಯಿ ಅದನ್ನೇ ಹೇಳಿದಾಗ ನಗುತ್ತೇವೆ. ಬಡವರ ಮನೆಯದು ಅನ್ನುವುದೇ ಅದರ ತಪ್ಪಾ?

ಎಲ್ಲ ಜಿಲ್ಲೆಯ ಸ್ನೇಹಿತರೂ ಇದನ್ನು ಓದುತ್ತೀರಿ, ಹಾಗಾಗಿ ಕೇಳುತ್ತಿದ್ದೇನೆ. ಫ್ರಿಜ್ ಇಲ್ಲದ ಮನೆಗಳಲ್ಲಿ ಬೇಸಿಗೆಯಲ್ಲಿ ಏನು ಮಾಡುತ್ತೀರಿ? ಕಲಬುರಗಿ, ರಾಯಚೂರಿನ ಸೆಕೆಯಲ್ಲಿ ರಾತ್ರಿಯ ಅನ್ನ ನೆಚ್ಚಿಕೊಳ್ಳುವ ಹಾಗಿಲ್ಲ ಅಂತ ನನಗನ್ನಿಸುತ್ತದೆ. ಅಲ್ಲಿ ರೊಟ್ಟಿ, ಸುಸಲಾ (ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ್ದು) ಬಿಟ್ಟರೆ ಬೆಳಗ್ಗೆ ಬೇಗ ಆಗುವುದು ಏನಿದೆ? ಕರಾವಳಿಯವರೇ, ಕುಚ್ಚಲಕ್ಕಿ ಗಂಜಿಯನ್ನು ಮಕ್ಕಳು ಈಗಲೂ ತಿನ್ನುತ್ತಾರಾ, ಯಾವುದರ ಜೊತೆ ಕೊಡುತ್ತೀರಿ? ಮಲೆನಾಡಿನವರು ಕೆಲಸಕ್ಕೆ ಹೋಗುವ ದಿನವೂ ಕಡುಬು ಮಾಡುತ್ತೀರಾದರೆ ಹಿಟ್ಟನ್ನು ಯಾವಾಗ ತೊಳಸಿಡುತ್ತೀರಿ? ಅಳತೆ, ಹೊತ್ತು ಎಲ್ಲ ಬಿಡಿಸಿ ಬರೆಯಿರಿ. ಆಕೆಯ ನಂಬರ್ ತೆಗೆದುಕೊಂಡು ಬಂದಿದ್ದೇನೆ. ನೀವು ಬರೆದದ್ದರಲ್ಲಿ ಆಕೆಗೆ ಬಸ್ಸು ಹಿಡಿಯುವ ಮೊದಲು ಆಗುವಂಥದ್ದು ಯಾವುದಿದ್ದರೂ ಓದಿ ಹೇಳುತ್ತೇನೆ.