ಸನ್ನಿ ಸಾಯ್ತಾನೆ ಅಂತ ಗೊತ್ತಿದ್ದೂ ಓದಿದೆ

ನ್ಯೂಜೆರ್ಸಿಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಇಟಾಲಿಯನ್ ಮೂಲದವನು. ಮುತ್ತಜ್ಜ ಸಿಸಿಲಿಯಿಂದ ಹಡಗು ಹತ್ತಿ ಬಂದವರಂತೆ. ಭಾಷೆ ಎಂದೋ ಹೋಗಿದೆ, ತಿಂಡಿಗಳ ಹೆಸರು ಮಾತ್ರ ಉಳಿದಿದೆ. (ನಮ್ಮ ಮಕ್ಕಳಿಗೂ ಕೊನೆಗೆ ‘ತಿಳಿಸಾರು’ ಒಂದೇ ಉಳಿದೀತೇನೋ.) ನನ್ನ ಕೈಯಲ್ಲಿದ್ದ ‘ದಿ ಫ್ಯಾಮಿಲಿ ಕೊರ್ಲಿಯೋನೆ’ ನೋಡಿ ನಕ್ಕ. ‘ದಿ ಗಾಡ್‌ಫಾದರ್’ ಅನ್ನುವ ಮಾಫಿಯಾ ಕಾದಂಬರಿಗೆ ಹಿಂದಿನ ಕಥೆ ಅದು. ಸನ್ನಿ ಟೋಲ್ ಗೇಟಲ್ಲಿ ಸಾಯ್ತಾನೆ, ಲೂಕಾ ಬ್ರಾಸಿಯ ಕತ್ತು ಬಿಗೀತಾರೆ, ಮೈಕೆಲ್ ಡಾನ್ ಆಗ್ತಾನೆ. ಎಲ್ಲಾ ಗೊತ್ತಿರೋದೇ, ಇನ್ನೇನು ಓದ್ತೀಯ ಅಂದ.

ನನಗೆ ಅಜ್ಜ ನೆನಪಾದರು. ಕುಂದಾಪುರದ ಕಡೆ ಎಲ್ಲೇ ಕರ್ಣಪರ್ವದ ತಾಳಮದ್ದಲೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇದ್ದರೂ ಟಾರ್ಚ್ ಹಿಡಿದು ಹೊರಟುಬಿಡುತ್ತಿದ್ದರು. ಕರ್ಣ ಬದುಕುತ್ತಾನಾ ಅಂತ ನೋಡಲಿಕ್ಕೆ ಯಾರೂ ಹೋಗುವುದಿಲ್ಲ, ಅಲ್ವಾ? ಈ ಸಲದ ಶಲ್ಯ ರಥ ಇಳಿಯುವಾಗ ಏನು ಮಾತಾಡ್ತಾನೆ, ಅದಕ್ಕೆ ಕರ್ಣ ಹೇಗೆ ಉತ್ತರ ಕೊಡ್ತಾನೆ, ಅದಕ್ಕೆ ಹೋಗುವುದು. ಬೆಳಗ್ಗೆ ಕಾಫಿ ಕುಡಿಯುತ್ತಾ ಅಜ್ಜ ಕೊಡುತ್ತಿದ್ದ ವರದಿಯಲ್ಲಿ ಕರ್ಣ ಸತ್ತ ಸುದ್ದಿಯೇ ಇರುತ್ತಿರಲಿಲ್ಲ. “ಶಲ್ಯ ಸಪ್ಪೆ ಮಾರಾಯ.” ಅಷ್ಟೇ.

ಇಲ್ಲಿನವರಿಗೆ ಸ್ಪಾಯ್ಲರ್, ಅಂದರೆ ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುವುದು, ದೊಡ್ಡ ಅಪರಾಧ. ನಮ್ಮಲ್ಲಿ ಮಹಾಭಾರತ ಶುರುವಾಗುವುದೇ ಎಲ್ಲ ಮುಗಿದ ಮೇಲೆ. ಕಥೆ ಕೇಳುವ ಜನಮೇಜಯ ಅರ್ಜುನನ ಮರಿಮಗ. ಯಾರು ಗೆದ್ದರು ಅಂತ ಅವನಿಗೆ ಬೇರೆ ಹೇಳಬೇಕಾ?

ಮಾರಿಯೋ ಪೂಜೋ ‘ದಿ ಗಾಡ್‌ಫಾದರ್’ ಬರೆದದ್ದು 1969ರಲ್ಲಿ, ತೀರಿಕೊಂಡದ್ದು 1999ರಲ್ಲಿ. ಅವರ ಸಿನಿಮಾ ಆಗದ ಚಿತ್ರಕಥೆಯೊಂದನ್ನು ಇಟ್ಟುಕೊಂಡು ಎಡ್ ಫಾಲ್ಕೋ 2012ರಲ್ಲಿ ಈ ಪೂರ್ವಕಥೆ ಬರೆದರು. ಕಾಲ 1933, ಊರು ನ್ಯೂಯಾರ್ಕ್. 1920ರಿಂದ ನಡೆದಿದ್ದ ಪಾನನಿಷೇಧ ಮುಗಿಯುತ್ತಾ ಬಂದಿದೆ. ಕಳ್ಳ ವಿಸ್ಕಿ ಮಾರಿ ಕೊಬ್ಬಿದ ಗ್ಯಾಂಗುಗಳಿಗೆ ಇನ್ನು ಬೇರೆ ದಾರಿ ಬೇಕು. ಆಲಿವ್ ಎಣ್ಣೆಯ ಅಂಗಡಿ ಮುಂದಿಟ್ಟುಕೊಂಡು ನಿಧಾನ ಬೆಳೆಯುತ್ತಿರುವ ವಿಟೋ ಕೊರ್ಲಿಯೋನೆ, ಅಂದರೆ ಸನ್ನಿ ಮತ್ತು ಮೈಕೆಲ್‌ರ ಅಪ್ಪನ ಮೇಲೆ ಅವರ ಕಣ್ಣು ಬೀಳುತ್ತದೆ.

ಸನ್ನಿಗೆ ಆಗ 17. ಮಗ ಮರ್ಯಾದೆಯ ವ್ಯಾಪಾರಿಯಾಗಲಿ ಅಂತ ವಿಟೋ ಅವನನ್ನು ಗ್ಯಾರೇಜ್ ಕೆಲಸಕ್ಕೆ ಹಾಕಿದ್ದಾನೆ. ಮಗ ರಾತ್ರಿ ಗೆಳೆಯರನ್ನು ಕಟ್ಟಿಕೊಂಡು ವಿಸ್ಕಿ ಲಾರಿ ದೋಚುತ್ತಾನೆ. ಮೂಗಿನ ತುದಿಯಲ್ಲೇ ಕೋಪ. ಅವನು ಒಂದೊಂದು ಸಲ ಸಿಡುಕಿದಾಗಲೂ ನನಗೆ ಆ ಟೋಲ್ ಗೇಟು ಕಾಣುತ್ತಿತ್ತು. ಮುಂದೊಂದು ದಿನ ಇದೇ ಕೋಪ ತಲೆಗೇರಿ ಒಬ್ಬನೇ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗುತ್ತಾನೆ. ಅದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು. ಒಂದು ಸಂಜೆ ರೈಲಿನಲ್ಲಿ ಕೂತು “ಸ್ವಲ್ಪ ಸುಮ್ನಿರೋ” ಅಂತ ಜೋರಾಗಿಯೇ ಹೇಳಿಬಿಟ್ಟೆ. ಎದುರಿಗಿದ್ದ ಹೆಂಗಸು ಫೋನ್ ಕೆಳಗಿಟ್ಟು ನನ್ನನ್ನೇ ನೋಡಿದರು. ಕೊನೆ ಗೊತ್ತಿಲ್ಲದವನಿಗೆ ಈ ಸಂಕಟ ಎಲ್ಲಿಂದ ಬರಬೇಕು?

ಆದರೆ ಮುಂದೆ ವಿಟೋನ ಬಂಟನಾಗುವ ಲೂಕಾ ಬ್ರಾಸಿ ವಿಷಯದಲ್ಲಿ ನನಗೆ ಈ ಪುಸ್ತಕದ ಮೇಲೆ ಸಿಟ್ಟಿದೆ. ಮೂಲದಲ್ಲಿ ಅವನ ಕರಾಳ ಕಥೆಯನ್ನು ನಾವು ಕಣ್ಣಾರೆ ನೋಡುವುದಿಲ್ಲ. ಎಷ್ಟೋ ವರ್ಷದ ಮೇಲೆ, ಸಿಸಿಲಿಯಲ್ಲಿ, ಫಿಲೋಮಿನಾ ಅನ್ನುವ ಮುದಿ ಸೂಲಗಿತ್ತಿ ಅದನ್ನು ಮೈಕೆಲ್‌ಗೆ ಹೇಳುತ್ತಾಳೆ. ಲೂಕಾ ತನ್ನದೇ ಕೂಸನ್ನು, ಆಗಷ್ಟೇ ಹುಟ್ಟಿದ್ದನ್ನು, ಅವಳ ಕೈಯಿಂದಲೇ ಬೆಂಕಿಗೆ ಹಾಕಿಸಿದ್ದ. ನಾನು ಹಾಸ್ಟೆಲಿನಲ್ಲಿ ಆ ಪುಟ ಓದಿ ಪುಸ್ತಕ ಮುಚ್ಚಿಟ್ಟವನು ಎರಡು ದಿನ ತೆರೆಯಲಿಲ್ಲ. ಅವನು ಯಾಕೆ ಹಾಗೆ ಮಾಡಿದ ಅನ್ನುವುದು ಪೂರ್ತಿ ತಿಳಿಯುವುದಿಲ್ಲ. ಭಯ ಇದ್ದದ್ದೇ ಅಲ್ಲಿ.

ಫಾಲ್ಕೋ ನಮ್ಮನ್ನು ಲೂಕಾನ ಮನೆಯೊಳಗೇ ಕರೆದೊಯ್ಯುತ್ತಾರೆ, ಆಮೇಲೆ ಅವನ ತಲೆಯೊಳಗೂ. ಬರವಣಿಗೆ ಚೆನ್ನಾಗಿಯೇ ಇದೆ. ಆದರೆ ಓದುತ್ತಾ ಓದುತ್ತಾ ನನಗೆ ಅವನ ಮೇಲೆ ಪಾಪ ಅನ್ನಿಸತೊಡಗಿತು. ಲೂಕಾ ಬ್ರಾಸಿಯ ಮೇಲೆ ಪಾಪ! ಇಲ್ಲಿನವರಿಗೆ ಎಲ್ಲದಕ್ಕೂ ಒಂದು ಒಳಗಿನ ಕಾರಣ ಬೇಕು. ನಮ್ಮವರು ಹಿಂದಿನ ಕಥೆ ಹೇಳುವ ರೀತಿ ಬೇರೆ. ಶಿಖಂಡಿ ಎದುರು ಬಂದಾಗ ಭೀಷ್ಮ ಬಿಲ್ಲು ಕೆಳಗಿಡುತ್ತಾನೆ. ಹಿಂದೆ ಅಂಬೆಯ ಕಥೆ ಇದೆ, ಅವಳ ಹಟ ಇದೆ, ಸಾಕು. ಭೀಷ್ಮನ ಮನಸ್ಸಿನಲ್ಲಿ ಆಗ ಏನು ಓಡುತ್ತಿತ್ತು ಅನ್ನುವುದು ನಮ್ಮ ಪಾಲಿಗೆ ಬಿಟ್ಟದ್ದು. ಹಾಗಂತ ನಮ್ಮಲ್ಲಿ ಎಲ್ಲರೂ ಹಿಡಿತದಲ್ಲಿ ಮಾತಾಡುವವರು ಅಂತಲ್ಲ. ಒಂದೇ ಪದ್ಯಕ್ಕೆ ಮುಕ್ಕಾಲು ಗಂಟೆ ಅರ್ಥ ಹೇಳಿ ಸಭೆಯನ್ನೇ ಮಲಗಿಸಿದವರನ್ನೂ ಅಜ್ಜ ಕಂಡಿದ್ದರು. ಅಂಥ ರಾತ್ರಿ ಅವರೂ ಚಾಪೆಯ ಮೇಲೆ ನಿದ್ದೆ ತೆಗೆದು ಬರುತ್ತಿದ್ದರು.

ಇದನ್ನೆಲ್ಲ ಊಟದ ಹೊತ್ತಿಗೆ ಪಕ್ಕದ ಸೀಟಿನವನಿಗೆ ಹೇಳಿದೆ. ಶಲ್ಯ ಯಾರು ಅಂತ ವಿವರಿಸುವಷ್ಟರಲ್ಲಿ ನನ್ನ ಚಪಾತಿ ತಣ್ಣಗಾಯಿತು. ಅವನಿಗೆ ಎಷ್ಟು ಹತ್ತಿತೋ ಗೊತ್ತಿಲ್ಲ, ಪುಸ್ತಕವನ್ನಂತೂ ಒಯ್ದ. ನಾಲ್ಕು ದಿನ ಬಿಟ್ಟು ಎಲ್ಲಿವರೆಗೆ ಬಂತು ಅಂತ ಕೇಳಿದೆ.

“ಸನ್ನಿ ಗ್ಯಾರೇಜಲ್ಲಿದ್ದಾನೆ” ಅಂದ. ಆಮೇಲೆ ಸ್ವಲ್ಪ ತಡೆದು, “ಅಲ್ಲೇ ಕೆಲಸ ಮಾಡ್ಕೊಂಡು ಇದ್ದಿದ್ರೆ ಆಗ್ತಿತ್ತಲ್ವಾ?” ಅಂದ.