ಮುಗಿಯುವ ಗೆರೆಯಾಚೆ ಒಂದು ಸೋಫಾ

ಸರ್ಕಾರಿ ಕ್ರೀಡಾಶಾಲೆಗೆ ಎಂಟನೇ ತರಗತಿಗೆ ಸೀಟು ಸುಮ್ಮನೆ ಸಿಗುವುದಿಲ್ಲ. ಎತ್ತರ, ತೂಕ ಅಳೆಯುತ್ತಾರೆ. ಓಡುತ್ತಲೇ ಬಂದು ಗೆರೆ ದಾಟುವ 30 ಮೀಟರ್ ಫ್ಲೈಯಿಂಗ್ ಸ್ಟಾರ್ಟ್, ನಿಂತಲ್ಲೇ ಮೇಲಕ್ಕೆ ಜಿಗಿತ, ಮೆಡಿಸಿನ್ ಬಾಲ್ ಎಂಬ ಭಾರದ ಚೆಂಡಿನ ಎಸೆತ, ಕೊನೆಗೆ ಜೀವ ಹಿಂಡುವ 800 ಮೀಟರ್. ಇಷ್ಟೆಲ್ಲ ದಾಟಿ ಬಂದವರಿಗೆ ಶಾಲೆ ಮೊದಲು ಕಲಿಸುವ ವಿದ್ಯೆ ನಿಲ್ಲುವುದು. ಬಿಸಿಲಲ್ಲಿ, ಸಾಲಾಗಿ, ಸಾಹೇಬರ ಕಾರು ಬರುವವರೆಗೆ.

ಕ್ರೀಡಾಕೂಟದ ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟನೆ 9.30ಕ್ಕೆ. ಮಕ್ಕಳ ವಾರ್ಮ್‌ಅಪ್ ಅದಕ್ಕೂ ಮೊದಲೇ ಮುಗಿದಿರುತ್ತದೆ. ಮುಖ್ಯ ಅತಿಥಿಗಳು 12ಕ್ಕೆ ದಯಮಾಡಿಸುವಷ್ಟರಲ್ಲಿ ಮೈ ಆರಿ, ಬೆಳಗಿನ ಉಪ್ಪಿಟ್ಟೂ ಕರಗಿ, ಗನ್ ಹಾರಿದ ಮೂರನೇ ಹೆಜ್ಜೆಗೆ ತೊಡೆಯ ಹಿಂಬದಿ ಹಿಡಿದುಕೊಳ್ಳುತ್ತದೆ. ಅತಿಥಿಗಳಿಗೆ ಮಾತ್ರ ಯಾವ ಸ್ನಾಯುವೂ ಹಿಡಿಯುವುದಿಲ್ಲ. ಅವರು ಸೋಫಾದಲ್ಲಿರುತ್ತಾರೆ.

ಆ ಸೋಫಾ ಇರುವುದು 100 ಮೀಟರ್ ಮುಗಿಯುವ ಗೆರೆಯಿಂದ ನಾಲ್ಕು ಹೆಜ್ಜೆ ಆಚೆ. ಗೆದ್ದವರ ಜೊತೆ ಅತಿಥಿಗಳ ಮುಖವೂ ಫೋಟೊದಲ್ಲಿ ಬರಬೇಕಲ್ಲ! ಗೆರೆಯಾಚೆ ಕನಿಷ್ಠ 17 ಮೀಟರ್ ಖಾಲಿ ಬಿಡಬೇಕೆಂಬುದು ನಿಯಮ. ಪೂರ್ತಿ ವೇಗದಲ್ಲಿ ಬಂದವರು ಗಕ್ಕನೆ ನಿಲ್ಲಲಾರರು. ಹಾಗಾಗಿ ಬುದ್ಧಿವಂತ ಹುಡುಗಿ 80 ಮೀಟರಿಗೇ ಕಾಲು ಸಡಿಲಿಸುತ್ತಾಳೆ. ಸೋಫಾದಿಂದ ತಜ್ಞರ ಅಭಿಪ್ರಾಯ ಬರುತ್ತದೆ: "ಇವಳಿಗೆ ಫಿನಿಶಿಂಗೇ ಇಲ್ಲ ಕಣ್ರೀ."

ಸಿಂಥೆಟಿಕ್ ಟ್ರ್ಯಾಕ್ ಇರುವ ಶಾಲೆಯ ಭಾಗ್ಯ ಇನ್ನೂ ದೊಡ್ಡದು. ಹಾಸಿನ ದಪ್ಪ ಸುಮಾರು 13 ಮಿ.ಮೀ. ಅತಿಥಿಗಳ ನೆರಳಿಗೆಂದು ಅದರ ಮೇಲೇ ಹೊಡೆಯುವ ಶಾಮಿಯಾನದ ಗೂಟದ ಉದ್ದ ಒಂದೂವರೆ ಅಡಿ. ಗೂಟ ಕಿತ್ತ ತೂತಿನಲ್ಲಿ ಮಳೆನೀರು ಇಳಿದು, ಹಾಸು ಕೆಳಗಿನ ಡಾಂಬರಿನಿಂದ ಬಿಟ್ಟು ಉಬ್ಬುತ್ತದೆ. ಆಮೇಲೆ ಓಟದ ಬೂಟಿನ ಸ್ಪೈಕ್ ತಾಗಿದಲ್ಲೆಲ್ಲ ಸಿಪ್ಪೆ ಏಳುತ್ತದೆ. ಸ್ಪೈಕ್ ಮೊಳೆ 9 ಮಿ.ಮೀ. ಮೀರಿದರೆ ಮಗುವನ್ನು ಹೊರಗಟ್ಟುವ ಕಾವಲುಗಾರ, ಗೂಟ ಹೊತ್ತ ಲಾರಿಗೆ ಎರಡೂ ಗೇಟು ತೆರೆದು ಸಲಾಂ ಹೊಡೆಯುತ್ತಾನೆ. 2022ರಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಅಧಿಕಾರಿಯೊಬ್ಬರ ನಾಯಿಯ ವಾಕಿಂಗ್‌ಗಾಗಿ ಓಟಗಾರರನ್ನು ಸಂಜೆ ಬೇಗ ಮನೆಗೆ ಕಳಿಸುತ್ತಾರೆಂದು ಸುದ್ದಿಯಾಗಿ ದೇಶವೇ ಕೆರಳಿತ್ತು. ಪಾಪ, ಆ ನಾಯಿ ಗೂಟವನ್ನಂತೂ ಹೊಡೆದಿರಲಿಲ್ಲ.

ಮಣ್ಣಿನ ಟ್ರ್ಯಾಕಾದರೆ ಗೆರೆ ಹಾಕಲು ಲೆಕ್ಕ ಬೇಕು. ಲೇನ್ ಅಗಲ 1.22 ಮೀಟರ್. ಒಂದನೇ ಲೇನನ್ನು ಒಳ ಅಂಚಿನಿಂದ 30 ಸೆಂ.ಮೀ. ಬಿಟ್ಟು ಅಳೆಯಬೇಕು, ಉಳಿದವನ್ನು 20 ಬಿಟ್ಟು. ಹೊರಗಿನ ಲೇನಿನ ಸುತ್ತು ಉದ್ದ, ಹಾಗಾಗಿ 400 ಮೀಟರ್ ಓಟಕ್ಕೆ ಎರಡನೇ ಲೇನಿನವರು 7.04 ಮೀಟರ್ ಮುಂದೆ ನಿಲ್ಲಬೇಕು, ಮೂರನೆಯವರು 14.70, ಎಂಟನೆಯವರು 53.03. ಇದು ಗೊತ್ತಿರುವ ದೈಹಿಕ ಶಿಕ್ಷಕರು ಆ ವಾರ ಮನೆಮನೆ ಸಮೀಕ್ಷೆಯಲ್ಲಿರುತ್ತಾರೆ. ಸುಣ್ಣದ ಡಬ್ಬ ಹಿಡಿದ ಶಾಮಿಯಾನದ ಹುಡುಗ "ಏಳೇಳು ಮೀಟರ್ ತಾನೆ?" ಎಂದು ಎಳೆದೇಬಿಡುತ್ತಾನೆ. ಏಳೇಳಲ ನಲವತ್ತೊಂಬತ್ತು. ಎಂಟನೇ ಲೇನಿನವಳು ನಾಲ್ಕು ಮೀಟರ್ ಹೆಚ್ಚು ಓಡುತ್ತಾಳೆ, ಅದಕ್ಕೆ ಭತ್ಯೆಯಿಲ್ಲ.

ಹಾಗೆಂದು ಉಚಿತ ಸೌಲಭ್ಯವೇ ಇಲ್ಲವೆನ್ನಬೇಡಿ. ಸ್ಟಾಪ್‌ವಾಚ್ ಒತ್ತಬೇಕಾದ್ದು ಗನ್ನಿನ ಹೊಗೆ ಕಂಡಾಗ. ಗುಂಡಿಯ ಮೇಲೆ ಬೆರಳು, ಸೋಫಾದ ಮೇಲೆ ಕಣ್ಣಿಟ್ಟವರು ಸದ್ದಿಗೆ ಒತ್ತುತ್ತಾರೆ. ಸದ್ದು 100 ಮೀಟರ್ ದಾಟಿ ಬರುವಷ್ಟರಲ್ಲಿ ಸುಮಾರು 0.3 ಸೆಕೆಂಡ್ ಕಳೆದಿರುತ್ತದೆ, ಓಟಗಾರರ ಸಮಯ ಅಷ್ಟು ಕಡಿಮೆ ದಾಖಲಾಗುತ್ತದೆ. ಹೀಗೆ ತಾಲ್ಲೂಕಿಗೊಂದು ಕೂಟ ದಾಖಲೆ, ಫ್ಲೆಕ್ಸು, ಶಾಲು, ಹಾರ. ರಾಜ್ಯ ಮಟ್ಟದಲ್ಲಿ ಎಲೆಕ್ಟ್ರಾನಿಕ್ ಟೈಮಿಂಗ್ ಆ 0.3 ಸೆಕೆಂಡನ್ನು ವಾಪಸ್ ಕಿತ್ತುಕೊಂಡಾಗ, ಪ್ರದರ್ಶನ ಕುಸಿದದ್ದೇಕೆಂದು ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಿ ಎಂದು ದೈಹಿಕ ಶಿಕ್ಷಕರಿಗೆ ನೋಟಿಸ್ ಹೋಗುತ್ತದೆ. ಅದು ಅವರ ಕೈ ಸೇರುವುದಿಲ್ಲ. ಸಮೀಕ್ಷೆಯ ಎರಡನೇ ಸುತ್ತು ಶುರುವಾಗಿದೆ.