ಬನ್ನೇರುಘಟ್ಟದ ಕಾಡನ್ನು ವಿಮಾನದಿಂದ ಅಳೆಯಬೇಕೆ?

ಪರ

ಬನ್ನೇರುಘಟ್ಟ ಎಂದರೆ ಬೆಂಗಳೂರಿನ ಬಹುಪಾಲು ಜನರಿಗೆ ಸಫಾರಿ ಬಸ್ಸು. ಅದರಾಚೆ ಆನೇಕಲ್, ಕನಕಪುರದ ಕಡೆಗೆ ಎಲೆಯುದುರುವ ಒಣ ಕಾಡು ಚಾಚಿಕೊಂಡಿದೆ. ಅಲ್ಲಿ ಹುಲ್ಲು ಎಲ್ಲಿ ಉಳಿದಿದೆ, ಬಿದಿರು ಎಲ್ಲಿದೆ, ಲಂಟಾನ ಎಂಬ ಕಳೆಪೊದೆ ಎಷ್ಟು ನುಂಗಿದೆ ಎಂಬುದೇ ತಿಳಿಯದೆ ಆನೆ ರಾಗಿ ಹೊಲಕ್ಕೆ ಬಂತೆಂದು ದೂರುತ್ತೇವೆ.

ಉಪಗ್ರಹ ಇದೆಯಲ್ಲ ಎನ್ನಬಹುದು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಅಗಲ. ನಾಲ್ಕು ಜಾಲಾರಿ ಮರ, ಒಂದು ಬಿದಿರು ಮೆಳೆ, ಒಂದು ಬಂಡೆ ಎಲ್ಲ ಕಲಸಿ ಒಂದೇ ಬಣ್ಣ. ಇಸ್ರೊ ಮತ್ತು ನಾಸಾ 2015-16ರಲ್ಲಿ ನಮ್ಮ ದೇಶದ ಮೇಲೆ ವಿಮಾನದಲ್ಲಿ ಹಾರಿಸಿದ ಅವಿರಿಸ್-ಎನ್‌ಜಿ ಉಪಕರಣ ಬೆಳಕನ್ನು 400ಕ್ಕೂ ಹೆಚ್ಚು ಪಟ್ಟಿಗಳಾಗಿ ಸೀಳಿ ನೋಡುತ್ತದೆ; ಎಲೆಯಲ್ಲಿನ ನೀರು, ಹರಿತ್ತು ಹೆಚ್ಚುಕಡಿಮೆಯಾದರೂ ಅದಕ್ಕೆ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು ಲಿಡಾರ್. ಮೇಲಿಂದ ಬಿಟ್ಟ ಲೇಸರ್ ಬೆಳಕು ಒಂದಿಷ್ಟು ಮರದ ನೆತ್ತಿಗೆ, ಒಂದಿಷ್ಟು ಎಲೆಗಳ ಸಂದಿಯಲ್ಲಿ ಇಳಿದು ಪೊದೆಗೆ, ಉಳಿದದ್ದು ನೆಲಕ್ಕೆ ಬಡಿದು ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಹೊತ್ತಿನಿಂದ ಎತ್ತರದ ಲೆಕ್ಕ ಸಿಗುತ್ತದೆ. ಹಕ್ಕಿಗೆ ಗೂಡು, ಕಡವೆಗೆ ಮರೆ ಸಿಗುವುದು ಕಾಡಿನ ಈ ಅಂತಸ್ತುಗಳಲ್ಲೇ. ಇಡೀ ಕಾಡಿನ ಅಂತಸ್ತನ್ನು ನಡೆದು ಅಳೆಯುವುದು ಆಗುವ ಕೆಲಸವಲ್ಲ.

ವಿರೋಧ

ಲಂಟಾನದ ಮಾತು ಬಂತಲ್ಲ, ಅಲ್ಲಿಂದಲೇ ಹಿಡಿಯೋಣ. ಬೆಳಕಿನ ಪಟ್ಟಿ ಎಷ್ಟೇ ಇರಲಿ, ಅವಿರಿಸ್ ಉಪಕರಣಕ್ಕೆ ಕಾಣುವುದು ಕಾಡಿನ ಮೇಲ್ಹೊದಿಕೆ. ಲಂಟಾನ ಕೂತಿರುವುದು ಮರದಡಿ. ಲಿಡಾರ್ ‘ಪೊದೆ ಇದೆ’ ಎನ್ನುತ್ತದೆ, ಯಾವ ಪೊದೆ ಎನ್ನುವುದಿಲ್ಲ. ನಮ್ಮ ಕಾಡಿನ ಕವಳೆಯೂ, ತೋಟದ ಅಂದಕ್ಕೆಂದು ಅಮೆರಿಕ ಖಂಡದಿಂದ ಬಂದ ಲಂಟಾನವೂ ಅದಕ್ಕೆ ಒಂದೇ ಎತ್ತರದ ಗಂಟು. (ಕರಡಿಗೂ ಈ ಭೇದವಿಲ್ಲ, ಎರಡರ ಹಣ್ಣನ್ನೂ ತಿನ್ನುತ್ತದೆ.)

ಇನ್ನು ಋತು. ಮಾರ್ಚ್‌ನಲ್ಲಿ ಹಾರಿದರೆ ಮುತ್ತುಗ ಎಲೆಯಿಲ್ಲದೆ ಕೆಂಪಗೆ ನಿಂತಿರುತ್ತದೆ. ಅಕ್ಟೋಬರ್‌ನಲ್ಲಿ ಅದೇ ಗುಡ್ಡ ಪೂರಾ ಹಸಿರು. ವಿಮಾನ ದುಬಾರಿ, ಪದೇ ಪದೇ ಹಾರದು. ಸೆಂಟಿನೆಲ್-2 ಉಪಗ್ರಹಗಳು 5 ದಿನಕ್ಕೊಮ್ಮೆ 10 ಮೀಟರ್ ಚುಕ್ಕೆಯ ಚಿತ್ರವನ್ನು ಪುಕ್ಕಟೆ ಕೊಡುತ್ತವೆ.

ಹಾರಿದರೂ ನಡೆಯುವುದು ತಪ್ಪುವುದಿಲ್ಲ. ಚಿತ್ರದಲ್ಲಿ ಕಂಡ ಬಣ್ಣ ಜಾಲಾರಿಯೋ ದಿಂಡಿಗವೋ ಎಂದು ಹೇಳಲು ಒಬ್ಬರು ಆ ಮರದ ಬುಡದಲ್ಲಿ ನಿಲ್ಲಲೇಬೇಕು. ನಮ್ಮ ಐಐಎಸ್‌ಸಿಯವರು ಮುದುಮಲೆಯಲ್ಲಿ 1988ರಿಂದ 50 ಹೆಕ್ಟೇರ್ ಜಾಗದ ಒಂದೊಂದು ಕಾಂಡಕ್ಕೂ ನಂಬರು ಕೊಟ್ಟು ಬದುಕು-ಸಾವು ಬರೆದಿಡುತ್ತಿದ್ದಾರೆ. ಬನ್ನೇರುಘಟ್ಟಕ್ಕೆ ವಿಮಾನ ಬರುವುದೇ ಆದರೆ, ಗಿಡ ಬಲ್ಲವರನ್ನೂ ಅರಣ್ಯ ಇಲಾಖೆಯ ಬೀಟಿನ ವಾಚರ್‌ಗಳನ್ನೂ ಅದೇ ವಾರ ಕಾಡಿಗೆ ಕಳಿಸುವ ದುಡ್ಡನ್ನು ಮೊದಲು ಎತ್ತಿಡಿ.